ಚೀನೀ ಕಲಿಯೋಕೆ ಹೊರಟವರೇ, ಮೊದಲು ಗಂಟೆ ಎಣಿಸಿ

‘ಚೀನೀ ಭಾಷೆ ಕಲಿತರೆ ಕೆಲಸ ಗ್ಯಾರಂಟಿ. ಬೇಸಿಗೆಯಲ್ಲಿ ಒಂದು ತಿಂಗಳು ಅಲ್ಲಿಗೇ ಹೋಗಿ ಬಂದರೆ ಸಾಕು, ನೀರು ಕುಡಿದ ಹಾಗೆ ಮಾತಾಡ್ತಾರೆ.’ ಹೀಗೆ ಹೇಳೋರಿಗೆ ಈಗ ಬರವಿಲ್ಲ. ಬಣ್ಣದ ಪುಸ್ತಿಕೆಯ ಮುಖಪುಟದಲ್ಲಿ ಚೀನಾದ ಮಹಾಗೋಡೆ, ಒಳಪುಟದಲ್ಲಿ ಕುಂಗ್‌ಫೂ, ಚಹಾಕೂಟ, ಕಾಗದದ ಕತ್ತರಿ ಕೆಲಸ. ಕೊನೆಯ ಪುಟದಲ್ಲಿ ಹಣ ಕಟ್ಟುವ ವಿವರ. ಪಾಠ ದಿನಕ್ಕೆ ಎಷ್ಟು ಗಂಟೆ ಅನ್ನೋದು ಮಾತ್ರ ದುರ್ಬೀನು ಹಾಕಿ ಹುಡುಕಬೇಕು.

ಆಸೆಯಲ್ಲೇನೂ ತಪ್ಪಿಲ್ಲ ಬಿಡಿ. ಅಂಗಡಿಯಲ್ಲಿ ತೂಗಾಡುವ ದೀಪದ ಸರ, ಆಟಿಕೆ, ಮೊಬೈಲ್ ಬಿಡಿಭಾಗಗಳಲ್ಲಿ ಎಷ್ಟೋ ಮಾಲು ಬರೋದು ಆ ಕಡೆಯಿಂದಲೇ. ಯಿವೂ ಪಟ್ಟಣದ ಸಗಟು ಪೇಟೆಯ ಹೆಸರು ನಮ್ಮ ವ್ಯಾಪಾರಿಗಳಿಗೂ ಗೊತ್ತು. ಇತ್ತ ದೇವನಹಳ್ಳಿ ಹತ್ತಿರ ತೈವಾನಿನ ಫಾಕ್ಸ್‌ಕಾನ್ ಕಂಪನಿಯ ಫೋನ್ ಕಾರ್ಖಾನೆ ಎದ್ದು ನಿಂತಿದೆ. ಎರಡೂ ಕಡೆಯ ಮಾತು ಬಲ್ಲವನಿಗೆ ಬೆಲೆ ಇದ್ದೇ ಇದೆ. ಆದರೆ ಅಪ್ಪ ಅಂಗಡಿ ಮೇಲೆ ಸಾಲ ಎತ್ತಿ ಕಳಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಕೊಟ್ಟ ದುಡ್ಡಿಗೆ ಬರೋದು ಭಾಷೆಯೋ, ಫೋಟೋ ಆಲ್ಬಮ್ಮೋ?

ಇಪ್ಪತ್ತೇಳೂವರೆ ಬೇಸಿಗೆ!

ಅಮೆರಿಕ ಸರ್ಕಾರ ತನ್ನ ರಾಯಭಾರಿ ಕಚೇರಿಗಳ ಸಿಬ್ಬಂದಿಗೆ ಭಾಷೆ ಕಲಿಸೋಕೆ ಒಂದು ಸಂಸ್ಥೆ ಇಟ್ಟುಕೊಂಡಿದೆ. ಚೀನೀ ಭಾಷೆಯಲ್ಲಿ ಕಚೇರಿ ಕೆಲಸ ನಡೆಸುವ ಮಟ್ಟಕ್ಕೆ ಬರಲು ಸುಮಾರು 2,200 ಗಂಟೆ ಪಾಠ ಬೇಕು ಅನ್ನೋದು ಅವರ ಅಂದಾಜು. ನಾಲ್ಕು ವಾರದ ಶಿಬಿರದಲ್ಲಿ ವಾರಕ್ಕೆ 20 ಗಂಟೆ ಪಾಠ ಅಂದರೆ ಒಟ್ಟು 80 ಗಂಟೆ. ಭಾಗಿಸಿ ನೋಡಿ, ಇಪ್ಪತ್ತೇಳೂವರೆ ಬೇಸಿಗೆ ಆಗುತ್ತೆ! ಅದು ಇಂಗ್ಲಿಷ್ ಮಾತಾಡೋರ ಲೆಕ್ಕ, ನಮಗೆ ಹೆಚ್ಚುಕಮ್ಮಿ ಆದೀತು. ಆದರೂ ಅಳತೆ ತಿಳೀತಲ್ಲ? ಒಂದು ತಿಂಗಳಲ್ಲಿ ಪಂಡಿತನಾಗಿ ಬರ್ತಾನೆ ಅನ್ನೋನು ಸುಳ್ಳು ಹೇಳ್ತಾನೆ.

ಹಾಗಾದರೆ ಹೋಗೋದೇ ಬೇಡವೇ? ಹೋಗಬೇಕು, ಬರಿಗೈಲಿ ಹೋಗಬಾರದು. ಅಕ್ಷರ ಗೊತ್ತಿಲ್ಲದೆ ಹೋದವನ ಮೊದಲ ಎರಡು ವಾರ ಸ್ವರ ತಿದ್ದೋದರಲ್ಲೇ ಮುಗಿಯುತ್ತೆ. ಆ ಭಾಷೆಯಲ್ಲಿ ರಾಗ ತಪ್ಪಿದರೆ ಅರ್ಥವೇ ತಲೆಕೆಳಗು. ‘ಮೈ’ ಅನ್ನೋ ಶಬ್ದವನ್ನೇ ತಗೊಳ್ಳಿ. ದನಿ ತಗ್ಗಿಸಿ ಮೆಲ್ಲಗೆ ಎತ್ತಿದರೆ ಕೊಳ್ಳು ಅಂತ, ಮೇಲಿನಿಂದ ಧಪ್ಪನೆ ಇಳಿಸಿದರೆ ಮಾರು ಅಂತ! ವ್ಯಾಪಾರಕ್ಕೆ ಹೋದವನ ಗತಿ ಏನಾಗಬೇಡ? ಈ ನಾಲ್ಕು ಸ್ವರಗಳನ್ನೂ, ರೋಮನ್ ಅಕ್ಷರದಲ್ಲಿ ಚೀನೀ ಬರೆಯುವ ಪಿನ್‌ಯಿನ್ ಪದ್ಧತಿಯನ್ನೂ, ಒಂದಿನ್ನೂರು ಮುನ್ನೂರು ಲಿಪಿಚಿಹ್ನೆಗಳನ್ನೂ ಊರಲ್ಲೇ ಕೂತು ಆರು ತಿಂಗಳು ತಿದ್ದಬಹುದು. ಖರ್ಚು ಕಡಿಮೆ. ಮೇಲಾಗಿ ಹುಡುಗನಿಗೆ ಇದು ನಿಜವಾಗಿ ಬೇಕೋ, ಬರೀ ವಿಮಾನ ಹತ್ತೋ ಚಪಲವೋ ಅನ್ನೋದೂ ಅಲ್ಲೇ ಇತ್ಯರ್ಥವಾಗುತ್ತೆ.

ಬೀಜಿಂಗೋ, ತೈಪೆಯೋ?

ಬೀಜಿಂಗಿನಲ್ಲಿ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ ಇದೆ. ವಿದೇಶಿಯರಿಗೆ ಚೀನೀ ಕಲಿಸೋಕೆಂದೇ 1962ರಲ್ಲಿ ಶುರುವಾದದ್ದು. ತೈಪೆಯಲ್ಲಿ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ಕೇಂದ್ರ 1956ರದ್ದು. ಎರಡೂ ಕಡೆ ಮಾತು ಒಂದೇ, ಉಚ್ಚಾರದಲ್ಲಿ ಧಾರವಾಡ ಮೈಸೂರಿನಂತೆ ಅಷ್ಟಿಷ್ಟು ಫರಕು. ಲಿಪಿಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸ. ಚೀನಾದಲ್ಲಿ 1956ರಿಂದ ಗೆರೆ ಕಡಿಮೆ ಮಾಡಿದ ಸರಳ ಲಿಪಿ, ತೈವಾನಿನಲ್ಲಿ ಹಳೆಯ ಪೂರ್ಣ ಲಿಪಿ. ಚೀನಾದಿಂದ ಮಾಲು ತರಿಸುವವನಿಗೆ ಸರಳ ಲಿಪಿ ಬೇಕು. ತೈವಾನಿನ ಕಂಪನಿಯಲ್ಲಿ ಕೆಲಸ ಹುಡುಕುವವನಿಗೆ ಪೂರ್ಣ ಲಿಪಿ ಬೇಕು. ಮೊದಲು ಇದು ತೀರ್ಮಾನವಾಗಲಿ, ಊರು ಆಮೇಲೆ.

ಹಾಂಗ್‌ಕಾಂಗ್ ಚೆಂದದ ಊರು, ಆದರೆ ಬೀದಿಯಲ್ಲಿ ನಡೆಯೋದು ಕ್ಯಾಂಟನೀಸ್. ಸಿಂಗಾಪುರ ಹತ್ತಿರ, ಆದರೆ ಅಲ್ಲಿ ಇಂಗ್ಲಿಷಿನಲ್ಲೇ ಎಲ್ಲ ಕೆಲಸ ಸಾಗುತ್ತೆ. ಕನ್ನಡ ಕಲಿಯಲು ಬಂದವನು ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಬಿಡಾರ ಹೂಡಿದ ಹಾಗೆ! ಇನ್ನು ಊಟದ ಮಾತು. ತೈವಾನಿನಲ್ಲಿ ಬೌದ್ಧರ ದೆಸೆಯಿಂದ ಸಸ್ಯಾಹಾರಿ ಹೋಟೆಲು ಬೇಕಾದಷ್ಟಿವೆ. ಬೀಜಿಂಗಿನಲ್ಲಿ ಹುಡುಕಿಕೊಂಡು ಹೋಗಬೇಕು.

ಊರಿಗಿಂತ ಕಟ್ಟುಪಾಡು ದೊಡ್ಡದು

ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ 1966ರಿಂದ ಚೀನೀ ಬೇಸಿಗೆ ಶಾಲೆ ನಡೆಯುತ್ತಿದೆ. ಚೀನಾಕ್ಕೂ ಆ ಊರಿಗೂ ಅಜಗಜಾಂತರ. ಆದರೂ ಹೆಸರುವಾಸಿ. ಯಾಕೆ? ಅಲ್ಲಿಗೆ ಸೇರುವವನು ಶಾಲೆ ಮುಗಿಯುವ ತನಕ ಚೀನೀ ಬಿಟ್ಟು ಬೇರೆ ಭಾಷೆ ಆಡೋಲ್ಲ ಅಂತ ಸಹಿ ಹಾಕಬೇಕು. ಊಟದ ಮೇಜಲ್ಲೂ ಅದೇ, ಆಟದ ಬಯಲಲ್ಲೂ ಅದೇ. ಚೀನಾ, ತೈವಾನಿನ ಕೆಲವು ಬಿಗಿ ಶಿಬಿರಗಳಲ್ಲೂ ಇಂಥ ಪ್ರತಿಜ್ಞೆ ಇದೆ. ಇದಿಲ್ಲದ ಕಡೆ ಏನಾಗುತ್ತೆ? ಹತ್ತು ಜನ ನಮ್ಮವರು ಒಂದೇ ಹಾಸ್ಟೆಲಿನಲ್ಲಿ ಸೇರಿ ಹಿಂದಿ, ಇಂಗ್ಲಿಷು, ಕನ್ನಡದಲ್ಲಿ ಹರಟುತ್ತಾರೆ. ಚೀನೀ ಬರೋದು ಚಹಾ ಕೇಳೋಕೆ ಮಾತ್ರ.

ರಜೆ ಯಾರದ್ದು?

ಅಲ್ಲಿಯ ಬೇಸಿಗೆ ಶಿಬಿರಗಳು ಸಾಮಾನ್ಯವಾಗಿ ಜೂನ್ ಕೊನೆಯಿಂದ ಆಗಸ್ಟ್ ತನಕ. ನಮ್ಮ ಶಾಲೆ ರಜೆ ಏಪ್ರಿಲ್, ಮೇ. ಅಂದರೆ ಇಲ್ಲಿ ತರಗತಿ ಶುರುವಾದ ಮೇಲೆ ಹುಡುಗ ಹೊರಡಬೇಕು! ಹಾಜರಿ, ಪರೀಕ್ಷೆ ಗತಿಯೇನು ಅಂತ ಪ್ರಿನ್ಸಿಪಾಲರನ್ನು ಮೊದಲೇ ಕೇಳಿ. ತೈವಾನಿನಲ್ಲಿ ಅದು ಚಂಡಮಾರುತದ ಕಾಲವೂ ಹೌದು.

ವೀಸಾ ವಿಷಯದಲ್ಲಿ ಅಡ್ಡದಾರಿ ಬೇಡ. ಚೀನಾದಲ್ಲಿ ಆರು ತಿಂಗಳೊಳಗಿನ ಓದಿಗೆ ಎಕ್ಸ್-2 ಅನ್ನೋ ವಿದ್ಯಾರ್ಥಿ ವೀಸಾ ಇದೆ, ಶಾಲೆಯ ಪ್ರವೇಶಪತ್ರ ಬೇಕು. ‘ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಲಿ’ ಅನ್ನೋ ಏಜೆಂಟರಿಗೆ ದೂರದಿಂದಲೇ ನಮಸ್ಕಾರ ಹೇಳಿ. ತೈವಾನಿನ ಕಚೇರಿ ಚೆನ್ನೈಯಲ್ಲೇ ಇದೆ. ಆ ಸರ್ಕಾರ ಭಾಷೆ ಕಲಿಯುವ ವಿದೇಶಿಯರಿಗೆ ಹ್ವಾಯೂ ಅನ್ನೋ ವಿದ್ಯಾರ್ಥಿವೇತನ ಕೊಡುತ್ತೆ. ಅರ್ಜಿ ತಿಂಗಳುಗಟ್ಟಲೆ ಮುಂಚೆ ಹಾಕಬೇಕು. ವಿಮಾನದ ಖರ್ಚು ನಮ್ಮದೇ.

ಹಣ ವಾಪಸಿನ ಷರತ್ತು ಓದದೆ ಒಂದು ಪೈಸೆ ಕಟ್ಟಬೇಡಿ. 2020ರ ಕೊರೋನಾ ಕಾಲದಲ್ಲಿ ಚೀನಾ ಬಾಗಿಲು ಹಾಕಿತು. ಅಲ್ಲಿ ಓದುತ್ತಿದ್ದ ಭಾರತದ 20,000ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಬಹುಪಾಲು ಮೆಡಿಕಲ್‌ನವರು, ಎರಡು ವರ್ಷಕ್ಕೂ ಮೀರಿ ಮನೆಯಲ್ಲೇ ಕೂತರು. ವಿದ್ಯಾರ್ಥಿ ವೀಸಾ ಮತ್ತೆ ಸಿಕ್ಕಿದ್ದು 2022ರ ಆಗಸ್ಟಿನಲ್ಲಿ. ನಿಂತಿದ್ದ ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರಿನಲ್ಲಿ. ಹಾರ್ವರ್ಡಿನಂಥ ದೊಡ್ಡ ವಿಶ್ವವಿದ್ಯಾಲಯವೇ ತನ್ನ ಬೀಜಿಂಗ್ ಬೇಸಿಗೆ ಶಾಲೆಯನ್ನು 2022ರಲ್ಲಿ ತೈಪೆಗೆ ಸಾಗಿಸಬೇಕಾಯಿತು. ದೊಡ್ಡವರಿಗೇ ಹೀಗಾದರೆ, ನಮ್ಮ ನಿಮ್ಮ ಪಾಡು?

ತಕ್ಕಡಿ ನಿಮ್ಮ ಕೈಲಿದೆ

ಪುಸ್ತಿಕೆ ಮುಂದಿಟ್ಟವರಿಗೆ ಐದು ಪ್ರಶ್ನೆ ಕೇಳಿ. ಪಾಠ ವಾರಕ್ಕೆ ಎಷ್ಟು ಗಂಟೆ? ತರಗತಿಯಲ್ಲಿ ಎಷ್ಟು ಜನ? ಬೇರೆ ಭಾಷೆ ಆಡಬಾರದೆಂಬ ಕಟ್ಟುಪಾಡು ಉಂಟೋ? ಕೊನೆಗೆ ಕೊಡುವ ಸರ್ಟಿಫಿಕೇಟಿಗೆ ಯಾವ ವಿಶ್ವವಿದ್ಯಾಲಯದ ಮೊಹರು? ಹೋಗದಿದ್ದರೆ ಹಣ ಎಷ್ಟು ವಾಪಸು?

ಆಮೇಲೆ ಶುಲ್ಕ, ವಿಮಾನ, ವಸತಿ, ಊಟ, ವೀಸಾ, ವಿಮೆ ಎಲ್ಲ ಕೂಡಿಸಿ ಪಾಠದ ಗಂಟೆಗಳಿಂದ ಭಾಗಿಸಿ. ಮಾತಿಗೆ, 3 ಲಕ್ಷಕ್ಕೆ 80 ಗಂಟೆ ಅಂದರೆ ಗಂಟೆಗೆ 3,750 ರೂಪಾಯಿ. 4 ಲಕ್ಷಕ್ಕೆ 160 ಗಂಟೆ ಅಂದರೆ 2,500. ದುಬಾರಿ ಅನ್ನಿಸಿದ್ದೇ ಅಗ್ಗವಾಯಿತು ನೋಡಿ. ಅಕ್ಕಿ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡಿ ದುಡ್ಡು ಕೊಡ್ತೀರಾ? ಕೈಗೆ ಹಾಕಿಕೊಂಡು ನೋಡ್ತೀರಿ, ತೂಗಿಸ್ತೀರಿ. ಮಕ್ಕಳ ವಿದ್ಯೆಗೂ ಅದೇ ನ್ಯಾಯ. ಮಹಾಗೋಡೆ ಎಲ್ಲಿಗೂ ಓಡಿಹೋಗೋದಿಲ್ಲ. ಮೊದಲು ಭಾಷೆ ಬರಲಿ.