ಪರದೇಶದ ಮನೆ, ವಾರಸುದಾರರ ಪಾಡು

ಕಲಬುರಗಿ, ಬೀದರ, ರಾಯಚೂರು ಕಡೆಗಳಿಂದ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮವರಿಗೆ ದೂರದ ಹೊಲಮನೆಗಳ ತಾಪತ್ರಯ ಹೊಸದಲ್ಲ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪಹಣಿ, ಖಾತೆ ಬದಲಾವಣೆ ಎಂದು ರಾಜ್ಯದ ಗಡಿ ದಾಟಿ ಅಲೆದ ಹಿರಿಯರುಂಟು. ಈಗ ಸನತ್‌ನಗರದ ನಮ್ಮ ಮನೆಗಳಲ್ಲಿ ಮಾತಿಗೆ ಬರುವ ಆಸ್ತಿ ಇನ್ನೂ ದೂರದ್ದು. ಮಗನೋ ಮಗಳೋ ಅಮೆರಿಕದಲ್ಲಿ ಹತ್ತು ವರ್ಷ ದುಡಿದು, ಮನೆ ಕೊಂಡು, ತಂದೆತಾಯಿಗಳನ್ನು ನೋಡಿಕೊಳ್ಳಲೆಂದು ಇಲ್ಲಿಗೆ ಮರಳುತ್ತಾರೆ. ಮನೆ ಅಲ್ಲೇ ಬಾಡಿಗೆಗೆ ಉಳಿಯುತ್ತದೆ. ಅದರ ಒಡೆಯರು ಅಕಸ್ಮಾತ್ತಾಗಿ ತೀರಿಕೊಂಡರೆ ಮುಂದೇನು? ವಾಚಕರು ಇದನ್ನು ಅಮಂಗಳದ ಮಾತೆಂದು ತಳ್ಳಿಹಾಕಬಾರದಾಗಿ ಕೋರುತ್ತೇವೆ.

ನಮ್ಮ ದೇಶದಲ್ಲಿಯೂ ಒಮ್ಮೆ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆಯಿತ್ತು. 1953ರ ಅಕ್ಟೋಬರ್ 15ರಿಂದ ಜಾರಿಯಲ್ಲಿದ್ದ ಅದನ್ನು 1985ರ ಮಾರ್ಚ್ 16ರಿಂದ ತೆಗೆದುಹಾಕಿದರು. ಆದಕಾರಣ ಸತ್ತವರ ಆಸ್ತಿಗೆ ತೆರಿಗೆಯೆಂಬುದೇ ನಮಗೆ ಮರೆತುಹೋಗಿದೆ. ಅಮೆರಿಕದವರು ಮರೆತಿಲ್ಲ.

ಅಲ್ಲಿನ ಪ್ರಜೆಗಳಿಗೂ ಅಲ್ಲೇ ಕಾಯಂ ನೆಲೆಸಿದವರಿಗೂ ವಿನಾಯಿತಿ ದೊಡ್ಡದು. 2026ರಲ್ಲಿ ತೀರಿಕೊಂಡವರಿಗೆ ಅದು ಒಂದೂವರೆ ಕೋಟಿ ಡಾಲರು. ಅಲ್ಲಿಯ ಪೌರತ್ವ ಪಡೆಯದೆ, ಇನ್ನು ಇಲ್ಲೇ ಇರುವುದೆಂದು ಮರಳಿ ಬಂದವರಿಗೆ ಮಾತ್ರ ಕೇವಲ 60,000 ಡಾಲರು! ಅದರ ಮೇಲಿನದಕ್ಕೆ ಏರುತ್ತಾ ಹೋಗುವ ತೆರಿಗೆ ನೂರಕ್ಕೆ 40ರವರೆಗೆ ಮುಟ್ಟುತ್ತದೆ. ಇದು ಲಾಭದ ಮೇಲಿನ ತೆರಿಗೆಯಲ್ಲ, ಆಸ್ತಿಯ ಬೆಲೆಯ ಮೇಲಿನದು. ಸಾಲವಿಲ್ಲದ ನಾಲ್ಕು ಲಕ್ಷ ಡಾಲರಿನ ಮನೆಯೊಂದೇ ಇದ್ದು, ಬೇರೆ ಕಳೆಯುವ ಬಾಬುಗಳಿಲ್ಲವೆಂದು ಹಿಡಿದರೆ ತೆರಿಗೆ 1,08,800 ಡಾಲರು. ಅಲ್ಲಿಯ ಕಂಪನಿಗಳ ಷೇರುಗಳಿದ್ದರೆ ಅವೂ ಲೆಕ್ಕಕ್ಕೆ ಸೇರುತ್ತವೆ. ಬ್ಯಾಂಕಿನ ಠೇವಣಿ ಸಾಮಾನ್ಯವಾಗಿ ಸೇರದು. ಇದರ ನ್ಯಾಯ ನಮಗಂತೂ ಹೊಳೆಯಲಿಲ್ಲ.

ಗಂಡನ ಆಸ್ತಿ ಹೆಂಡತಿಗೆ ತಾನೇ ಬರುವುದು ಎನ್ನಬಹುದು. ಹೆಂಡತಿ ಅಮೆರಿಕದ ಪ್ರಜೆಯಲ್ಲದಿದ್ದರೆ ಆ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಮನೆ ಇಬ್ಬರ ಹೆಸರಿನಲ್ಲಿ ಜಂಟಿಯಾಗಿದ್ದರೂ, ತನ್ನ ಹಣ ಇಷ್ಟು ಎಂದು ಆಕೆ ರುಜುವಾತು ಮಾಡದಿದ್ದರೆ ಇಡೀ ಮನೆಯನ್ನು ತೀರಿಕೊಂಡವರದೆಂದೇ ಎಣಿಸುವ ಸಂಭವವುಂಟು.

ನಿಜವಾದ ತೊಡಕು ಇದರ ಮುಂದಿದೆ. ತೆರಿಗೆಯ ಲೆಕ್ಕವನ್ನೂ ಹಣವನ್ನೂ ಒಪ್ಪಿಸಲು ಒಂಬತ್ತು ತಿಂಗಳ ವಾಯಿದೆ. ಅಷ್ಟರಲ್ಲಿ ಸರ್ಕಾರದ ಬಾಧ್ಯತೆ, ಮರಣದ ದಿನದಿಂದಲೇ, ಆ ಮನೆಯ ಮೇಲೆ ಕುಳಿತಿರುತ್ತದೆ. ಅದು ತೀರದೆ ಕೊಳ್ಳುವವರು ಮುಂದೆ ಬರುವುದಿಲ್ಲ. ಮನೆ ಮಾರದೆ ತೆರಿಗೆಗೆ ದುಡ್ಡಿಲ್ಲ. ಮೀ ಸೇವಾ ಕೇಂದ್ರದಿಂದ ತಂದ ಕುಟುಂಬ ಸದಸ್ಯರ ಪ್ರಮಾಣಪತ್ರ ಹಿಡಿದುಕೊಂಡು ಹೋದರೆ ಸಾಲದು. ಅಲ್ಲಿಯ ಕೋರ್ಟಿನ ಅಪ್ಪಣೆ ಬೇಕಾಗಬಹುದು. ವಿಧವೆಯಾದ ಹೆಣ್ಣುಮಗಳು ಇಲ್ಲಿ ಕುಳಿತು ಇದನ್ನೆಲ್ಲ ಹೇಗೆ ನಡೆಸಿಯಾಳು? ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮಾರಾಟದ ಹಣದಲ್ಲೇ ತೆರಿಗೆ ತೀರಿಸುತ್ತೇವೆ, ಈ ಮನೆಯನ್ನು ಬಾಧ್ಯತೆಯಿಂದ ಬಿಡಿಸಿರೆಂದು ಅಲ್ಲಿಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿಕೊಳ್ಳಬಹುದು. ಮಾರುವಾಗ, ಪರದೇಶಿಯರ ಮನೆಯೆಂದು, ಬೆಲೆಯಲ್ಲಿ ನೂರಕ್ಕೆ 15ರಷ್ಟನ್ನು ಸಾಮಾನ್ಯವಾಗಿ ಮೊದಲೇ ಹಿಡಿದಿಡುತ್ತಾರೆ. ಅದು ಬೇರೆ ತೆರಿಗೆಯ ಬಾಬ್ತು. ಹೆಚ್ಚಾದದ್ದನ್ನು ಲೆಕ್ಕ ಸಲ್ಲಿಸಿ ವಾಪಸು ಪಡೆಯಬೇಕು.

ನಮ್ಮ ಸರ್ಕಾರದ್ದೇನೂ ಅಡ್ಡಿಯಿಲ್ಲ. 1999ರ ವಿದೇಶಿ ವಿನಿಮಯ ಕಾನೂನಿನಂತೆ, ಪರದೇಶದಲ್ಲಿದ್ದಾಗ ಕೊಂಡ ಮನೆಯನ್ನು ಮರಳಿ ಬಂದವರು ಇಟ್ಟುಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರಕ್ಕೆ ಕಳಿಸಲೂಬಹುದು. ಅಷ್ಟು ಹಣ ಕೈಯಲ್ಲಿರಬೇಕಷ್ಟೆ.

ಆದ್ದರಿಂದ ಮರಳಿ ಬಂದ ಮಕ್ಕಳಿರುವ ಮನೆಯವರು ಈಗಲೇ ಕೂಡಿ ಕುಳಿತು ಮಾತನಾಡುವುದು ಮೇಲು. ಆ ಮನೆಯನ್ನು ಇಟ್ಟುಕೊಳ್ಳುವ ಅಗತ್ಯವಿದೆಯೆ? ಬದುಕಿರುವಾಗಲೇ ಮಾರಿ ಹಣ ಇಲ್ಲಿಗೆ ತಂದರೆ ಆ ಮನೆಗೆ ಈ ತೆರಿಗೆಯ ಪ್ರಸಂಗವೇ ಬರುವುದಿಲ್ಲ. ಇಟ್ಟುಕೊಳ್ಳುವುದೇ ಆದರೆ ಅಲ್ಲಿಯ ವಕೀಲರಿಂದ ಉಯಿಲು ಬರೆಸಿರಬೇಕು. ಕ್ರಯಪತ್ರ, ಸಾಲದ ಕಾಗದ, ಹೆಂಡತಿಯೂ ಹಣ ಹಾಕಿದ್ದರೆ ಆ ಬ್ಯಾಂಕಿನ ಲೆಕ್ಕ, ಇವೆಲ್ಲ ಎಲ್ಲಿವೆಯೆಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಬೇಕು.