ಕಲ್ಲಿನ ಫೋಟೋ, 1 ಎಂಬಿ ಮಿತಿ ಮತ್ತು ಕೈತಪ್ಪಿದ ಒಂದು ಅಕ್ಷರ

ಶಾಸನ ಹುಡುಕಿಕೊಂಡು ಹಳ್ಳಿ ಸುತ್ತುವವರಲ್ಲಿ ಈಗ ಬಹಳ ಜನ ಮೊಬೈಲ್ ಆ್ಯಪ್‌ನಲ್ಲೇ ಮಾಹಿತಿ ತುಂಬುತ್ತಾರೆ. ಊರು, ಅಕ್ಷಾಂಶ-ರೇಖಾಂಶ, ಕಲ್ಲಿನ ಅಳತೆ, ಸಾಲುಗಳ ಸಂಖ್ಯೆ, ಜೊತೆಗೆ ಫೋಟೋಗಳು. ನೆಟ್‌ವರ್ಕ್ ಸಿಕ್ಕಾಗ ಎಲ್ಲವೂ ತಾನಾಗಿ ಕ್ಲೌಡ್ ಡೇಟಾಬೇಸಿಗೆ ಹೋಗಿ ಸೇರುತ್ತದೆ ಅನ್ನುವ ನಂಬಿಕೆ. ನಮ್ಮ ಪುಟ್ಟ ತಂಡವೂ ಇಂಥದ್ದೇ ಒಂದು ಆ್ಯಪ್ ಮಾಡಿಕೊಂಡಿತ್ತು. ಅದರಲ್ಲಿ ನಾವೇ ಮಾಡಿದ ತಪ್ಪಿನಿಂದ ಒಂದು ವೀರಗಲ್ಲಿನ ಪಾಠ ಅರ್ಧಕ್ಕೆ ನಿಂತಿದೆ. ಆ್ಯಪ್ ಬಳಸುವ ಇತರರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಕಲ್ಲು ಇದ್ದದ್ದು ಕೋಲಾರದ ಕಡೆ, ಒಂದು ಕೆರೆ ಏರಿಯ ಪಕ್ಕ. ನಾಲ್ಕಡಿ ಎತ್ತರ, ಆರು ಸಾಲು, ಅಪ್ರಕಟಿತ. ಅಕ್ಷರ ಸವೆದಿದ್ದರಿಂದ ಸಂಜೆ ನಾಲ್ಕೂವರೆ ತನಕ ಕಾದು, ಓರೆ ಬಿಸಿಲಿನಲ್ಲಿ ಆರು ಫೋಟೋ ತೆಗೆದೆ. ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಮೂರನೆಯ ಸಾಲಿನ ಹೆಸರೂ ಓದುವಂತಿತ್ತು. ಮನೆಗೆ ಹೋಗಿ ಓದೋಣ ಅಂದುಕೊಂಡೆ.

ಸಮಸ್ಯೆ ಏನೆಂದರೆ, ಡೇಟಾಬೇಸಿನ ಒಂದು ದಾಖಲೆ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಫೈರ್‌ಸ್ಟೋರ್‌ನಲ್ಲಿ ಒಂದು ಡಾಕ್ಯುಮೆಂಟ್ 10,48,576 ಬೈಟ್ ದಾಟುವಂತಿಲ್ಲ, ಅಂದರೆ 1 ಎಂಬಿ ಅನ್ನಿ. ಡೈನಮೋಡಿಬಿಯಲ್ಲಿ 400 ಕೆಬಿ, ಮಾಂಗೋಡಿಬಿಯಲ್ಲಿ 16 ಎಂಬಿ. ಇವೆಲ್ಲ ಚಿಕ್ಕ ಚಿಕ್ಕ ಮಾಹಿತಿಯನ್ನು ಬೇಗ ಹುಡುಕಿಕೊಡಲು ಮಾಡಿದ ವ್ಯವಸ್ಥೆಗಳು. ಫೋಟೋ ತುಂಬುವ ಗೋದಾಮಲ್ಲ. ನಾವು ಫೋಟೋವನ್ನು ಬೇಸ್64 ಎಂಬ ಕ್ರಮದಲ್ಲಿ ಅಕ್ಷರಮಾಲೆಯಾಗಿ ಬದಲಿಸಿ ದಾಖಲೆಯೊಳಗೇ ತುರುಕಿದ್ದೆವು. ಈ ಕ್ರಮದಲ್ಲಿ ಪ್ರತಿ 3 ಬೈಟಿಗೆ 4 ಅಕ್ಷರ ಬೇಕು, ಗಾತ್ರ ಮೂರನೇ ಒಂದು ಭಾಗ ಹೆಚ್ಚುತ್ತದೆ. 1 ಎಂಬಿ ಮಿತಿಯಲ್ಲಿ ನಿಜವಾಗಿ ಫೋಟೋಗೆ ಉಳಿಯುವುದು 768 ಕೆಬಿ. ಆರು ಫೋಟೋಗೆ ಹಂಚಿದರೆ ತಲಾ 128 ಕೆಬಿ. ಫೋನಿನ ಮೂಲ ಫೋಟೋ ಒಂದೊಂದೂ ನಾಲ್ಕೈದು ಎಂಬಿ!

ಸರ್ವರ್ ಸಹಜವಾಗಿಯೇ ತಿರಸ್ಕರಿಸಿತು. ತಂಡದ ಹುಡುಗ ಒಂದು ಉಪಾಯ ಮಾಡಿದ: ಫೋಟೋ ಮಿತಿಯೊಳಗೆ ಬರುವ ತನಕ ಆ್ಯಪ್ ಅದರ ಗುಣಮಟ್ಟವನ್ನು ಇಳಿಸುತ್ತಾ ಹೋಗಲಿ. ಎಲ್ಲವೂ ಸಿಂಕ್ ಆಯಿತು, ಹಸಿರು ಟಿಕ್ ಬಂತು. ಟಿಕ್ ಬಂದ ಫೋಟೋಗಳನ್ನು ಜಾಗ ಉಳಿಸಲು ಫೋನಿನಿಂದ ಅಳಿಸುವ ವ್ಯವಸ್ಥೆಯನ್ನೂ ನಾವೇ ಇಟ್ಟಿದ್ದೆವು.

ಶಾಸನದ ಮಟ್ಟಿಗೆ ಈ ಉಪಾಯ ಯಾಕೆ ಅಪಾಯ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೆಪೆಗ್ ಫೈಲ್ ಎಷ್ಟು ದೊಡ್ಡದಾಗುತ್ತದೆ ಎಂಬುದು ಚಿತ್ರದಲ್ಲಿ ಎಷ್ಟು ಸೂಕ್ಷ್ಮ ಏರಿಳಿತ ಇದೆ ಎಂಬುದನ್ನು ಅವಲಂಬಿಸಿದೆ. ನೆತ್ತಿಯ ಬಿಸಿಲಿನಲ್ಲಿ ತೆಗೆದ ಕಲ್ಲು ಚಪ್ಪಟೆ, ಫೈಲ್ ಚಿಕ್ಕದು. ಓರೆ ಬೆಳಕಿನಲ್ಲಿ ಕಣಶಿಲೆಯ ಒಂದೊಂದು ಕಣಕ್ಕೂ ನೆರಳು, ಫೈಲ್ ದೊಡ್ಡದು. ಓದಲು ಚೆನ್ನಾಗಿರುವ ಫೋಟೋಗೇ ಹೆಚ್ಚು ಕತ್ತರಿ ಬೀಳುತ್ತದೆ! ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಮೊದಲು ಸೂಕ್ಷ್ಮ ವಿವರವನ್ನು ಬಿಡುತ್ತದೆ. ಆ ಸೂಕ್ಷ್ಮ ವಿವರದಲ್ಲೇ ನಮ್ಮ ಅಕ್ಷರ ಇರುವುದು.

ಲೆಕ್ಕ ಹಾಕಿ ನೋಡಿ. ನಾಲ್ಕಡಿ ಕಲ್ಲು ಫೋಟೋದಲ್ಲಿ 4000 ಪಿಕ್ಸೆಲ್ ಎತ್ತರ ತುಂಬಿದ್ದರೆ, ಮಿಲಿಮೀಟರಿಗೆ ಮೂರು ಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚು. ಒಂದಿಂಚಿನ ಅಕ್ಷರಕ್ಕೆ 80ರ ಮೇಲೆ, 3 ಮಿ.ಮೀ. ಅಗಲದ ಉಳಿಯ ಗೀಟಿಗೆ ಸುಮಾರು 10 ಪಿಕ್ಸೆಲ್. ಅದೇ ಫೋಟೋವನ್ನು 800 ಪಿಕ್ಸೆಲ್ಲಿಗೆ ಕುಗ್ಗಿಸಿದರೆ ಅಕ್ಷರಕ್ಕೆ 17, ಗೀಟಿಗೆ 2. ಅಕ್ಷರವೆಲ್ಲ ಎರಡು ಚೌಕದ ಎತ್ತರದಲ್ಲಿ ಮುಗಿದುಹೋಯಿತು. ವ ಮತ್ತು ಮ ನಡುವಿನ ವ್ಯತ್ಯಾಸ ಇನ್ನೆಲ್ಲಿ ಉಳಿಯಬೇಕು?

ಕೆಲವು ತಿಂಗಳ ನಂತರ ಓದಲು ಕೂತಾಗ ಆಗಿದ್ದೂ ಅದೇ. ಮೂರನೆಯ ಸಾಲಿನ ಹೆಸರಿನ ಎರಡನೆಯ ಅಕ್ಷರ ಬರೀ ಮಸುಕು. ಇನ್ನೊಮ್ಮೆ ಹೋದರಾಯಿತು ಅಂತ ಹೊರಟೆ. ಕಲ್ಲು ಏರಿಯ ಪಕ್ಕ ಇರಲಿಲ್ಲ, ಹೊಸ ಗುಡಿಯೊಳಗಿತ್ತು. ಮೇಲಿಂದ ಕೆಳತನಕ ಎನಾಮಲ್ ಬಣ್ಣ, ಅಕ್ಷರದ ಗೀಟುಗಳೆಲ್ಲ ತುಂಬಿಹೋಗಿವೆ. “ಬಿಸ್ಲಲ್ಲಿ ನಿಂತಿದ್ದ ಸ್ವಾಮಿ, ನೆರಳು ಮಾಡಿದ್ವಿ” ಅಂದರು ಅಲ್ಲಿನ ಹಿರಿಯರು, ಸಂತೋಷದಿಂದಲೇ. ಅವರ ದೇವರು, ಅವರ ಭಕ್ತಿ. ಮೂಲ ಫೋಟೋ ಉಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಈಗ ಆ್ಯಪ್ ಬದಲಿಸಿದ್ದೇವೆ. ಡೇಟಾಬೇಸಿನ ದಾಖಲೆಯಲ್ಲಿ ಬರಹದ ಮಾಹಿತಿ, ಒಂದು ಪುಟ್ಟ ನಮೂನೆ ಚಿತ್ರ ಮತ್ತು ಫೋಟೋ ಎಲ್ಲಿದೆ ಎಂಬ ವಿಳಾಸ, ಇಷ್ಟೇ. ಮೂಲ ಫೈಲ್ ಪ್ರತ್ಯೇಕ ಫೈಲ್ ಸಂಗ್ರಹಕ್ಕೆ ಹೋಗುತ್ತದೆ: ಗೂಗಲ್ ಕ್ಲೌಡ್ ಸ್ಟೋರೇಜ್, ಅಮೆಜಾನ್ ಎಸ್3 ಇಂಥವು. ಮಾಂಗೋಡಿಬಿ ಬಳಸುವವರಿಗೆ ಗ್ರಿಡ್‌ಎಫ್‌ಎಸ್ ಇದೆ, ಅದು ಫೈಲನ್ನು 255 ಕೆಬಿ ತುಂಡುಗಳಾಗಿ ಇಡುತ್ತದೆ. ಹಳ್ಳಿಯ ನೆಟ್‌ವರ್ಕಿಗೆ ತುಂಡು ಮಾಡಿ ಕಳಿಸುವುದೇ ಸರಿ. ಅರ್ಧದಲ್ಲಿ ಕಡಿದರೂ ನಿಂತಲ್ಲಿಂದ ಮುಂದುವರಿಯಬಹುದು. ಗೂಗಲ್‌ನಲ್ಲಿ ತುಂಡುಗಳು 256 ಕೆಬಿಯ ಗುಣಕವಾಗಿರಬೇಕು. ಎಸ್3ಯಲ್ಲಿ ಕೊನೆಯದನ್ನು ಬಿಟ್ಟು ಪ್ರತಿ ತುಂಡೂ ಕನಿಷ್ಠ 5 ಎಂಬಿ, ಹಾಗಾಗಿ ಒಂಟಿ ಫೋಟೋಗೆ ಅಷ್ಟೇನೂ ಪ್ರಯೋಜನವಿಲ್ಲ, 3ಡಿ ಸ್ಕ್ಯಾನಿಗೆ ಆದೀತು.

ಇದು ನಮಗೆ ಹೊಸದೇನಲ್ಲ ಬಿಡಿ. ದೊಡ್ಡ ಬಂಡೆಗೆ ಒಂದು ಕಾಗದ ಸಾಲದಿದ್ದರೆ ಪಡಿಯಚ್ಚನ್ನು ಹಲವು ಹಾಳೆಗಳಲ್ಲಿ ತೆಗೆಯುತ್ತೇವೆ. ದಾನದ ವಿವರ ಉದ್ದವಾದರೆ ತಾಮ್ರಪಟದ ಹಲಗೆ ಹೆಚ್ಚಿಸಿ, ತೂತಿನಲ್ಲಿ ಬಳೆ ಪೋಣಿಸಿ, ಬಳೆಯ ಮೇಲೆ ಮುದ್ರೆ ಹಾಕುತ್ತಿದ್ದರು. ಆ ಮುದ್ರೆಯ ಕೆಲಸವನ್ನು ಇಲ್ಲಿ ಎಸ್‌ಎಚ್‌ಎ-256 ಮಾಡುತ್ತದೆ. ಫೋನಿನಲ್ಲಿರುವ ಫೈಲಿಗೊಂದು, ಸರ್ವರಿಗೆ ಬಂದ ಫೈಲಿಗೊಂದು ಮೊತ್ತ ತೆಗೆದು ಹೋಲಿಸುವುದು. ಎರಡೂ ಒಂದೇ ಆದರೆ ಮಾತ್ರ ಹಸಿರು ಟಿಕ್. ಕಳಿಸುವ ಮೊದಲೇ ಕುಗ್ಗಿಸಿದ ಫೋಟೋ ಈ ಹೋಲಿಕೆಯಲ್ಲಿ ಸುಲಭವಾಗಿ ಪಾಸಾಗುತ್ತದೆ, ಆದ್ದರಿಂದ ಮೊತ್ತ ತೆಗೆಯಬೇಕಾದ್ದು ಕ್ಯಾಮೆರಾದಿಂದ ಬಂದ ಮೂಲ ಫೈಲಿಗೆ.

ಸ್ವಂತ ಆ್ಯಪ್ ಇಲ್ಲದವರು ಓಡಿಕೆ ಬಳಸುತ್ತಿದ್ದರೆ ಫಾರಂನಲ್ಲಿ ಚಿತ್ರದ ‘ಮ್ಯಾಕ್ಸ್-ಪಿಕ್ಸೆಲ್ಸ್’ ಎಷ್ಟಿದೆ ಅಂತ ಒಮ್ಮೆ ನೋಡಿ. ಯಾರೋ 1024 ಅಂತ ಬರೆದಿಟ್ಟಿದ್ದರೆ ನಿಮ್ಮ ಫೋಟೋ ಅಷ್ಟಕ್ಕೇ ಕುಗ್ಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನನಗೆ ಕಲ್ಲಿನ ಚಿತ್ರ ಕಳಿಸುವ ಸ್ನೇಹಿತರಿಗೂ ಒಂದು ಕೋರಿಕೆ: ದಯವಿಟ್ಟು ‘ಡಾಕ್ಯುಮೆಂಟ್’ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ವಿವರವೂ ಹೋಗುತ್ತದೆ, ಚಿತ್ರದೊಳಗಿನ ಸ್ಥಳದ ಮಾಹಿತಿಯೂ ಹೋಗುತ್ತದೆ.

ಆ ವೀರಗಲ್ಲಿನ ಮೂರನೆಯ ಸಾಲಿನ ಅಕ್ಷರವನ್ನು ಸದ್ಯಕ್ಕೆ [ವ] ಎಂದು ಚೌಕ ಕಂಸದಲ್ಲಿ ಕೊಟ್ಟಿದ್ದೇನೆ. ಬಣ್ಣ ಬಳಿಯುವ ಮೊದಲು ಆ ಏರಿಯ ಕಡೆ ಹೋಗಿ ಯಾರಾದರೂ ಫೋಟೋ ತೆಗೆದಿದ್ದರೆ ತಿಳಿಸಿ.