ಕೈಕಾಲಿಗೇ ತಲುಪುವ ತಾಳ

ಡ್ರಮ್ ಸೆಟ್ ಮುಂದೆ ಮೊದಲ ಸಲ ಕೂತವರನ್ನು ಕಂಗೆಡಿಸುವುದು ವೇಗವಲ್ಲ, ಕೈಕಾಲುಗಳ ಹಂಚಿಕೆ. ಬಲಗೈ ಹೈ-ಹ್ಯಾಟ್ ಮೇಲೆ ಒಂದೇ ಸಮನೆ ಬಡಿಯುತ್ತಿರಬೇಕು. ಎಡಗೈ ಎರಡು ಮತ್ತು ನಾಲ್ಕನೆಯ ಬಡಿತಕ್ಕಷ್ಟೇ ಸ್ನೇರ್ ಮೇಲೆ ಬೀಳಬೇಕು. ಬಲಗಾಲು ಬೇರೆಯದೇ ಲೆಕ್ಕದಲ್ಲಿ ಪೆಡಲ್ ತುಳಿಯಬೇಕು. ಕಿವಿಗೆ ಕೇಳಿಸುವುದೋ ಎಲ್ಲವೂ ಬೆರೆತ ನಾದ. ಯಾವ ಪೆಟ್ಟು ಯಾವ ಅಂಗದ್ದೆಂದು ಹೊಸಬರು ಬಿಡಿಸಿಕೊಳ್ಳುವುದು ಹೇಗೆ?

ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯ ಸೈಮನ್ ಹಾಲೆಂಡ್ ಮತ್ತು ಸಂಗಡಿಗರು ಈ ಕೆಲಸವನ್ನು ಚರ್ಮಕ್ಕೆ ಒಪ್ಪಿಸಿದರು. 2010ರಲ್ಲಿ ಅವರು ವಿವರಿಸಿದ 'ಹ್ಯಾಪ್ಟಿಕ್ ಡ್ರಮ್ ಕಿಟ್'ನಲ್ಲಿ ಎರಡು ಮಣಿಕಟ್ಟಿಗೆ, ಎರಡು ಕಣಕಾಲಿಗೆ ಕಂಪಿಸುವ ಪುಟ್ಟ ಸಾಧನಗಳನ್ನು ಕಟ್ಟುತ್ತಾರೆ. ಕಂಪ್ಯೂಟರ್ ಪ್ರತಿ ಅಂಗದ ಪಾಲನ್ನು ಆ ಅಂಗಕ್ಕೇ ಕಳಿಸುತ್ತದೆ. ಕೆಲವೇ ಹೊಸ ಕಲಿಕೆಯವರ ಮೇಲೆ ನಡೆದ ಪ್ರಯೋಗದಲ್ಲಿ, ಸದ್ದೇ ಇಲ್ಲದೆ ಬರೀ ಕಂಪನದಿಂದಲೂ ಜಟಿಲ ವಿನ್ಯಾಸಗಳನ್ನು ಕಲಿಯಬಹುದೆಂದು ಕಂಡಿತು. ಆದರೂ ಹೆಚ್ಚಿನವರು ಮೆಚ್ಚಿದ್ದು ಸದ್ದು, ಕಂಪನ ಎರಡೂ ಕೂಡಿದ ಪಾಠವನ್ನೇ.

ತಾಳವನ್ನು ಮೈಯಿಂದ ಕಲಿಸುವುದು ನಮಗೇನೂ ಹೊಸದಲ್ಲ. ಸರಳೆ ವರಸೆ ಹಾಡುವ ಮಗು ಆದಿತಾಳದ ಎಂಟು ಅಕ್ಷರಗಳನ್ನು ತೊಡೆಯ ಮೇಲೆ ತಟ್ಟಿ, ಬೆರಳೆಣಿಸಿಯೇ ಕಲಿಯುತ್ತದೆ. ಇದಕ್ಕೆ ಆಧಾರ ಮಿದುಳಿನಲ್ಲಿಯೇ ಇದೆ. ಕದಲದೆ ತಾಳ ಕೇಳುತ್ತಿರುವಾಗಲೂ ಚಲನೆಯನ್ನು ನಿಯಂತ್ರಿಸುವ ಭಾಗಗಳು ಚುರುಕಾಗುತ್ತವೆ. 2005ರಲ್ಲಿ ಫಿಲಿಪ್ಸ್-ಸಿಲ್ವರ್ ಮತ್ತು ಟ್ರೇನರ್ ಪ್ರಕಟಿಸಿದ ಪ್ರಯೋಗವಂತೂ ನನಗೆ ಅಚ್ಚುಮೆಚ್ಚು. ಒತ್ತುಗಳೇ ಇಲ್ಲದ ಲಯವೊಂದನ್ನು ಕೇಳಿಸುತ್ತ, 7 ತಿಂಗಳ ಕೆಲವು ಕೂಸುಗಳನ್ನು ಎರಡು ಬಡಿತಕ್ಕೊಮ್ಮೆ, ಉಳಿದವನ್ನು ಮೂರಕ್ಕೊಮ್ಮೆ ಎತ್ತಿ ಕುಣಿಸಿದರು. ಆಮೇಲೆ ಒತ್ತುಗಳಿರುವ ಲಯಗಳನ್ನು ಕೇಳಿಸಿದಾಗ, ಕೂಸುಗಳು ತಾವು ಕುಣಿದ ಲೆಕ್ಕದ್ದನ್ನೇ ಹೆಚ್ಚು ಹೊತ್ತು ಆಲಿಸಿದವು. ಕಿವಿ ಏನು ಕೇಳಬೇಕೆಂದು ಮೈ ತೀರ್ಮಾನಿಸಿತ್ತು!

ಹಾಗೆಂದು ಕಂಪನವನ್ನು ಅಪ್ಪಣೆಯೆಂದು ತಿಳಿದರೆ ಕೆಟ್ಟಿತು. ಸ್ಪರ್ಶ ತಿಳಿದು ಕೈ ಏಳಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಬೇಕು. ಕಂಪನಕ್ಕೆ ಕಾದವನ ಪೆಟ್ಟು ಸದಾ ತಡ. ಆದ್ದರಿಂದಲೇ ಒಂದೇ ವಿನ್ಯಾಸ ಮತ್ತೆ ಮತ್ತೆ ಸುತ್ತಿ ಬರಬೇಕು. ಮುಂದಿನದು ಯಾವಾಗ ಬರುತ್ತದೆಂದು ಅಂಗಗಳು ಊಹಿಸತೊಡಗಿದಾಗ ಪೆಟ್ಟು ಕಂಪನದ ಜೊತೆಗೇ ಬೀಳುತ್ತದೆ. ಕಲಿಕೆ ಆಗುವುದು ಆ ಊಹೆಯಲ್ಲಿ.

ಹಾಲೆಂಡ್ ಬಳಗ ಮುಂದೆ ಇಂಥ ಕಂಪಿಸುವ ಬಳೆಗಳನ್ನು ಪಾರ್ಶ್ವವಾಯುವಿನಿಂದ ನಡಿಗೆಯ ಲಯ ತಪ್ಪಿದವರ ಕಾಲಿಗೂ ತೊಡಿಸಿ ನೋಡಿತು.